ಬರಿಗೈಯಲ್ಲಿ ಕಿತ್ತದ್ದು

ಫೆಬ್ರವರಿ 6

ಪ್ರೀತಿಯ ಮೊದ್ದು,

ಎದುರಿಗೆ ನಿಂತು ಮಾತಾಡಲು ನಿನಗೆ ನಾಚಿಕೆ, ಅದು ಸರಿ. ಕಾಗದದ ಮುಂದೆಯೂ ನಾಚಿಕೆಯೇ? ಮೂರು ತಿಂಗಳಿಗೆ ನಾಲ್ಕು ಸಾಲು ಬರೆಯುತ್ತೀಯ, ಅದರಲ್ಲಿ ಎರಡು ಸಾಲು ‘ನಾವು ಕ್ಷೇಮ, ನೀನು ಕ್ಷೇಮವೇ’. ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ಅಷ್ಟಕ್ಕಾದರೂ ಬೆಲೆ ಕೊಡು.

ಈ ಸಲ ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಪ್ರಯೋಗಾಲಯದಲ್ಲಿ ಈಗ ಲಿವರ್‌ವರ್ಟ್ ಎಂಬ ಗಿಡಗಳ ಪರೀಕ್ಷೆ ನಡೆಯುತ್ತಿದೆ. ಗಿಡ ಅಂದರೆ ಹೂವಿಲ್ಲ, ಕಾಯಿಲ್ಲ, ಸರಿಯಾದ ಬೇರೂ ಇಲ್ಲ. ಪಾಚಿಯ ದಾಯಾದಿ ಅಂದುಕೋ. ಆದರೂ ಅದನ್ನು ಹುಳ ತಿನ್ನುವುದಿಲ್ಲ, ಬಸವನಹುಳು ಹತ್ತಿರ ಬಂದು ಹಿಂದೆ ಸರಿಯುತ್ತದೆ, ಬೂಷ್ಟು ಹಿಡಿಯುವುದಿಲ್ಲ. ಮುಳ್ಳಿಲ್ಲ, ದಪ್ಪ ಸಿಪ್ಪೆಯಿಲ್ಲ. ಹಾಗಾದರೆ ಏನು ಅದನ್ನು ಕಾಯುತ್ತಿದೆ ಎಂದು ನಮ್ಮ ಮೇಡಂ ಹುಡುಕುತ್ತಿದ್ದಾರೆ.

ನಿಮ್ಮ ಮಿಲ್ಲಿಗೆ ಬರುವ ದಿಮ್ಮಿಗಳ ತೊಗಟೆಯ ಮೇಲೆ ಬಣ್ಣ ಬಳಿದಂತೆ ಒಂದು ಕಂದುಗೆಂಪು ಪಾಚಿ ಇರುತ್ತದಲ್ಲ, ಅದರ ಸುದ್ದಿ ಹೇಳಿದೆ. ಅವರು ಪುಸ್ತಕ ತೆಗೆದು ಚಿತ್ರ ತೋರಿಸಿದರು. ಅದೇ! ಈ ಸುತ್ತಿನಲ್ಲೆಲ್ಲೂ ಸಿಗುವುದಿಲ್ಲವಂತೆ. “ನಿಮ್ಮ ತಮ್ಮ ಕಳಿಸಿಕೊಡ್ತಾರೇನಮ್ಮ?” ಅಂದರು. ನನ್ನ ತಮ್ಮ ಮಾತು ಕಮ್ಮಿ, ಕೆಲಸ ಜಾಸ್ತಿ ಅಂದೆ.

ಆರು ವರ್ಷದಿಂದ ಇಲ್ಲಿ ಗಾಜಿನ ಸಾಮಾನು ತೊಳೆಯುತ್ತ ನಿಂತಿದ್ದೇನೆ, ಇನ್ನೂ ಹಂಗಾಮಿ. ಈ ಕೆಲಸ ಕೈಗೂಡಿದರೆ ನನ್ನನ್ನು ಕಾಯಂ ಮಾಡಲು ಮೇಲಿನವರಿಗೆ ಬರೆಯುತ್ತಾರಂತೆ. ನೆನಪಿರಲಿ.

ನನಗೆ ಮಾಡಿಕೊಡುತ್ತೇನೆ ಅಂದಿದ್ದ ಕುರ್ಚಿ ಎಲ್ಲಿಗೆ ಬಂತು? ಇನ್ನೂ ಕಾಡಿನಲ್ಲಿ ಬೆಳೆಯುತ್ತಿದೆಯೋ?

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕನಿಗೆ ನಮಸ್ಕಾರ.

ನಾವು ಕ್ಷೇಮ. ನೀನು ಬೈದರೂ ಇದನ್ನು ಬರೆಯದೆ ನನಗೆ ಮುಂದಿನ ಸಾಲು ಬರುವುದಿಲ್ಲ.

ಪಾಚಿ ಕಳಿಸಿದ್ದೇನೆ. ಒದ್ದೆ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟಿದ್ದೇನೆ. ನಿಮ್ಮದು ದೊಡ್ಡ ಜಾಗ, ಕೊಳಕಾಗಬಾರದು ಎಂದು ಹೊಸ ರಬ್ಬರ್ ಗ್ಲೌಸ್ ತಂದು, ಹಾಕಿಕೊಂಡೇ ಕಿತ್ತೆ. ಮೇಸ್ತ್ರಿ ನೋಡಿ, “ಏನಯ್ಯಾ, ದಿಮ್ಮಿಗೆ ಆಪರೇಷನ್ನಾ?” ಅಂದರು. ಎಲ್ಲರೂ ನಕ್ಕರು. ಮನೆಗೆ ಬಂದು ಇವಳಿಗೆ ಹೇಳಿದೆ, ಇವಳೂ ನಕ್ಕಳು.

ಕುರ್ಚಿಗೆ ಮರ ಆರಿಸಿಟ್ಟಿದ್ದೇನೆ. ಗಂಟಿಲ್ಲದ್ದು. ಕೆಲಸ ಮುಗಿದ ಮೇಲೆ ಲೇತ್ ಖಾಲಿ ಇದ್ದಾಗ ಮೇಸ್ತ್ರಿ ಬಿಡುತ್ತಾರೆ. ನಿನ್ನ ಮೊಣಕಾಲಿನ ಎತ್ತರ ಎಷ್ಟು, ದಾರದಲ್ಲಿ ಅಳೆದು ದಾರವನ್ನೇ ಕಳಿಸು.

ನಿನ್ನ ತಮ್ಮ


ಮಾರ್ಚ್ 9

ಮೊದ್ದು,

ದಾರ ಇದರೊಳಗಿದೆ. ದಾರದ ತುದಿಯಿಂದ ನಾನು ಹಾಕಿದ ಗಂಟಿನವರೆಗೆ ಅಳತೆ.

ನಿನ್ನ ಡಬ್ಬಿ ಬಂದ ದಿನ ನನಗೆ ಮರ್ಯಾದೆ, ಮಾರನೆಯ ದಿನ ಅವಮಾನ. ಪಾಚಿಯ ರಸ ತೆಗೆದು ಯಂತ್ರಕ್ಕೆ ಹಾಕುತ್ತಾರೆ. ಅದರಲ್ಲಿ ಏನೇನಿದೆಯೋ ಒಂದೊಂದಕ್ಕೂ ಕಾಗದದ ಮೇಲೆ ಒಂದೊಂದು ಗೋಪುರ ಎದ್ದು ನಿಲ್ಲುತ್ತದೆ. ಈ ಸಲ ಎಲ್ಲಕ್ಕಿಂತ ಎತ್ತರದ ಗೋಪುರ ನೋಡಿ ಮೇಡಂ ಕುಣಿದಾಡಿಬಿಟ್ಟರು. ಸಂಜೆಗೆ ಗೊತ್ತಾಯಿತು, ಅದು ಗಿಡದ್ದಲ್ಲ, ನಿನ್ನ ಗ್ಲೌಸಿನದು! “ನಿಮ್ಮ ತಮ್ಮ ಪಾಚಿ ಕಳಿಸಿದಾರೋ ರಬ್ಬರ್ ಚಪ್ಪಲಿ ಕಳಿಸಿದಾರೋ?” ಅಂದರು. ನನ್ನ ಮುಖ ಇಷ್ಟಾಯಿತು. ಅವರು, “ಸ್ಟೀಲಿನ ಚಿಮಟ ಇದ್ರೆ ಅದರಲ್ಲಿ ಕೀಳಲಿ” ಅಂದರು. ಚಿಮಟದಲ್ಲಿ ನೀನು ಕೀಳುತ್ತ ಕೂತರೆ ಒಂದು ಡಬ್ಬಿಗೆ ಒಂದು ವರ್ಷ ಬೇಕು. ಅದಕ್ಕೆ ನಾನು ಹೇಳುತ್ತೇನೆ ಕೇಳು. ಗ್ಲೌಸ್ ಬೇಡ. ಸೋಪಿಲ್ಲದ ನೀರಿನಲ್ಲಿ ಕೈ ತೊಳೆದುಕೊಂಡು ಬರಿಗೈಯಲ್ಲೇ ಕೀಳು. ಪಾಚಿ ತಾನೆ, ಕಚ್ಚುವುದಿಲ್ಲ.

ಒಂದು ಎಲೆಯನ್ನು ನನಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನಿನಗೆ ತೋರಿಸಬೇಕು ಅನ್ನಿಸಿತು. ಎಲೆ ಇಡೀ ಸಣ್ಣ ಸಣ್ಣ ಕೋಣೆಗಳು. ಒಂದೊಂದು ಕೋಣೆಯಲ್ಲೂ ದ್ರಾಕ್ಷಿ ಗೊಂಚಲಿನಂತೆ ಎಣ್ಣೆಯ ಹನಿಗಳು. ಅದೇ ಅದರ ಆಯುಧವಂತೆ. ಓಡಿಹೋಗಲು ಕಾಲಿಲ್ಲ, ಕೂಗಲು ಬಾಯಿಲ್ಲ. ನಿನ್ನ ಹಾಗೆ ಇದ್ದಲ್ಲೇ ಇರುವ ಜೀವ, ಒಳಗೇ ಎಲ್ಲ ಕೂಡಿಟ್ಟುಕೊಂಡಿದೆ.

ಅಕ್ಕ


ಏಪ್ರಿಲ್ 2

ಅಕ್ಕನಿಗೆ ನಮಸ್ಕಾರ.

ಗ್ಲೌಸಿನ ಸಂಗತಿ ಓದಿ ತಲೆ ತಗ್ಗಿಸಿದೆ. ನಿನಗೆ ಅವಮಾನ ಆಯಿತಲ್ಲ. ಅವನ್ನು ಲೇತ್ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ಇನ್ನು ಮುಟ್ಟುವುದಿಲ್ಲ.

ಈ ಡಬ್ಬಿಯಲ್ಲಿರುವುದೆಲ್ಲ ಬರಿಗೈಯಲ್ಲಿ ಕಿತ್ತದ್ದು. ಉಗುರಿನಿಂದ ಎಬ್ಬಿಸಿದರೆ ಸಲೀಸಾಗಿ ಬರುತ್ತದೆ, ಗ್ಲೌಸಿಗಿಂತ ಬೇಗ. ಪ್ರತಿ ತಿಂಗಳೂ ಕಳಿಸುತ್ತೇನೆ. ಕುರ್ಚಿಯ ಎರಡು ಕಾಲು ಕಡೆದೆ. ದಾರದ ಅಳತೆಗೆ ಸರಿಯಾಗಿದೆ.

ಇವಳು ಬಾಗಿಲ ಪಕ್ಕ ಆರು ಡಬ್ಬದಲ್ಲಿ ಸೇವಂತಿಗೆ ಹಾಕಿದ್ದಾಳೆ. “ಅತ್ತಿಗೆ ಬಂದಾಗ ಹೂ ಬಿಟ್ಟಿರುತ್ತೆ ಅಂತ ಬರೀರಿ” ಅಂದಳು. ಬರೆದಿದ್ದೇನೆ.

ತಮ್ಮ


ಆಗಸ್ಟ್ 18

ಅಕ್ಕನಿಗೆ ನಮಸ್ಕಾರ.

ಆರನೆಯ ಡಬ್ಬಿ ಕಳಿಸಿದ್ದೇನೆ. ಹಿಂದಿನ ಎರಡರ ಜೊತೆ ಕಾಗದ ಇಡಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅಕ್ಷರ ಸೊಟ್ಟಗಿದ್ದರೆ ಪೆನ್ಸಿಲ್ ಮೊಂಡಾಗಿದೆ ಅಂದುಕೋ.

ನಿಮ್ಮಲ್ಲಿ ದಿನವಿಡೀ ನೀರಿನಲ್ಲಿ ಕೈಯಿಟ್ಟು ಕೆಲಸ ಮಾಡುತ್ತೀರಲ್ಲ, ಕೈಗೆ ಏನು ಹಚ್ಚಿಕೊಳ್ಳುತ್ತೀರಿ? ಸುಮ್ಮನೆ ಕೇಳಿದೆ. ಇಲ್ಲಿ ಮೆಷಿನ್ ಆಯಿಲ್ ಬದಲಾಯಿಸಿದ್ದಾರೆ, ಒಬ್ಬಿಬ್ಬರಿಗೆ ಕೈ ಒಣಗಿದಂತೆ ಆಗಿದೆ.

ಕುರ್ಚಿಯ ಮೂರನೆಯ ಕಾಲು ಮುಗಿಯಿತು. ಸ್ವಲ್ಪ ನಿಧಾನ ಆಯಿತು.

ತಮ್ಮ


ಸೆಪ್ಟೆಂಬರ್ 5

ಮೊದ್ದು,

ಕೈಗೆ ನಾವು ಕೊಬ್ಬರಿ ಎಣ್ಣೆ ಹಚ್ಚುತ್ತೇವೆ, ಅಷ್ಟೇ. ನಿಮ್ಮ ಮಿಲ್ಲಿನವರಿಗೂ ಹೇಳು. ಆಯಿಲ್ಲಿಗೆಲ್ಲ ಹೆದರುವ ಗಂಡಸರು ಇದ್ದಾರೆಯೇ?

ಇಲ್ಲಿ ಸಂಭ್ರಮ. ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸಿ ನಡುವೆ ನಿನ್ನ ಪಾಚಿಯ ರಸ ಒಂದು ತೊಟ್ಟು ಇಟ್ಟರು. ಸುತ್ತ ಬಟ್ಟಲಿನ ಬಾಯಷ್ಟು ಜಾಗ ಖಾಲಿ! ಬೂಷ್ಟು ಗಡಿ ಕೊರೆದಂತೆ ಅಲ್ಲಿಗೇ ನಿಂತಿದೆ. ಅದೇ ರಸ ಸವರಿದ ಸೊಪ್ಪನ್ನು ಬಸವನಹುಳಕ್ಕೆ ಹಾಕಿದರು. ಹತ್ತಿರ ಬಂತು, ಕೊಂಬು ಒಳಗೆಳೆದುಕೊಂಡಿತು, ತಿರುಗಿ ಹೋಯಿತು. ಎರಡು ದಿನ ಉಪವಾಸ ಇದ್ದರೂ ಬಾಯಿ ಹಾಕಲಿಲ್ಲ. ಮೇಡಂ ಆ ತಟ್ಟೆಯನ್ನು ಬಂದವರಿಗೆಲ್ಲ ತೋರಿಸಿ, “ಇದು ಇವರ ತಮ್ಮನ ಪಾಚಿ” ಅನ್ನುತ್ತಾರೆ. ನಾನು ಗಾಜು ತೊಳೆಯುವ ತೊಟ್ಟಿಯ ಹತ್ತಿರ ನಿಂತು ಕೇಳಿಸದವಳಂತೆ ಇರುತ್ತೇನೆ.

ಇನ್ನೊಂದು ಡಬ್ಬಿ ಬೇಕು. ಹೋದ ಸಲದ್ದರಲ್ಲಿ ತೊಗಟೆ ಚೂರು ಜಾಸ್ತಿ ಇತ್ತು, ಆರಿಸುವಷ್ಟರಲ್ಲಿ ನನ್ನ ಕಣ್ಣು ಹೋಯಿತು. ಸ್ವಲ್ಪ ನೋಡಿ ಕಳಿಸು.

ಅಕ್ಕ


ಅಕ್ಟೋಬರ್ 14

ತಮ್ಮನಿಗೆ,

ಡಬ್ಬಿ ನಿನ್ನೆ ತಲುಪಿತು. ಇನ್ನು ಕಳಿಸಬೇಡ. ಇಷ್ಟು ಸಾಕು.

ಎಲ್ಲರೂ ಆರೋಗ್ಯ ನೋಡಿಕೊಳ್ಳಿ.

ಅಕ್ಕ


ಅಕ್ಟೋಬರ್ 27

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ನೀನು ಇಷ್ಟು ಚಿಕ್ಕ ಕಾಗದ ಎಂದೂ ಬರೆದಿರಲಿಲ್ಲ. ಎರಡು ಸಲ ಓದಿದೆ. ಹಾಳೆ ತಿರುಗಿಸಿಯೂ ನೋಡಿದೆ.

ತಪ್ಪು ನನ್ನದೇ. ತೊಗಟೆ ಚೂರು ಜಾಸ್ತಿ ಅಂತ ನೀನು ಮೊದಲೇ ಹೇಳಿದ್ದೆ. ಹೋದ ಸಲವೂ ಅವಸರದಲ್ಲಿ ಕಿತ್ತು ತುಂಬಿಬಿಟ್ಟೆ. ಮೇಡಂ ಬೈದಿರಬೇಕು. ನಿನ್ನ ಕಾಯಂ ಕೆಲಸಕ್ಕೆ ನನ್ನಿಂದ ಕಲ್ಲು ಬೀಳುವುದು ಬೇಡ.

ಅದಕ್ಕೆ ಮೂರು ದಿನ ರಜೆ ಹಾಕಿ ಕೂತು ಹೊಸದಾಗಿ ಕಿತ್ತೆ. ಹಿಂದಿನ ಎಲ್ಲ ಡಬ್ಬಿ ಸೇರಿಸಿದರೂ ಇಷ್ಟಾಗುವುದಿಲ್ಲ. ಒಂದೊಂದು ಎಳೆಯನ್ನೂ ಬೆರಳಲ್ಲಿ ಬಿಡಿಸಿ, ಬಾಯಿಂದ ಊದಿ ಊದಿ ಧೂಳು ತೆಗೆದಿದ್ದೇನೆ. ಒಂದು ಚೂರು ತೊಗಟೆ ಸಿಕ್ಕರೆ ನನ್ನನ್ನು ಕೇಳು. ಬೇಡ ಅಂದ ಮೇಲೂ ಕಳಿಸಿದೆ ಅಂತ ಸಿಟ್ಟಾಗಬೇಡ. ಮೇಡಂಗೆ ಇದೊಂದು ಸಲ ತೋರಿಸು.

ತಮ್ಮ


ನವೆಂಬರ್ 19

ಅತ್ತಿಗೆಗೆ ನಮಸ್ಕಾರಗಳು.

ಬರೆಯುತ್ತಿರುವುದು ನಾನು, ನಿಮ್ಮ ತಮ್ಮನ ಹೆಂಡತಿ. ಅವರು ಬೇಡ ಅಂದರು, ಬರೆಯುತ್ತಿದ್ದೇನೆ.

ಪಾಚಿ ಕಳಿಸಿದ ಎರಡನೆಯ ದಿನ ಅವರ ಮುಖ ಊದಿಕೊಂಡು ಕಣ್ಣು ಮುಚ್ಚಿಹೋಯಿತು. ಕೈ ಮೊಣಕೈವರೆಗೆ ಗುಳ್ಳೆ ಎದ್ದು ನೀರು ಸೋರಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಅನ್ನ ನಾನೇ ತಿನ್ನಿಸುತ್ತಿದ್ದೆ. ಆ ಸ್ಥಿತಿಯಲ್ಲೂ, “ಅಕ್ಕನಿಗೆ ಡಬ್ಬಿ ಸಿಕ್ತೋ ಇಲ್ವೋ” ಅನ್ನುತ್ತಿದ್ದರು.

ಈಗ ಹೇಳುತ್ತೇನೆ ಕೇಳಿ. ಕೈ ತುರಿಕೆ ಶುರುವಾಗಿದ್ದು ಮೇ ತಿಂಗಳಲ್ಲಿ. ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ನಿಮಗೆ ಬರೆಯಿರಿ ಅಂದರೆ, “ಬರೆದ್ರೆ ಅವಳು ಕಳಿಸ್ಬೇಡ ಅಂತಾಳೆ. ಅವಳ ಕೆಲಸ ಹೋಗುತ್ತೆ. ಸುಮ್ನಿರೇ, ಇದು ಆಯಿಲ್ಲಿಂದ” ಅನ್ನುತ್ತಿದ್ದರು.

ಡಾಕ್ಟರು ಆಯಿಲ್ ಅಲ್ಲ ಅಂದರು. ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದರು. ಆ ಪಾಚಿಯ ಎಣ್ಣೆಯೇ ಕಾರಣವಂತೆ. ಮರ ಕಡಿಯುವವರಿಗೆ ಬರುವ ಹಳೆಯ ಕಾಯಿಲೆಯಂತೆ. ಮಿಲ್ಲಿನಲ್ಲಿ ಎಲ್ಲರೂ ಅಷ್ಟಿಷ್ಟು ಮುಟ್ಟುತ್ತಾರೆ, ಏನೂ ಆಗಿಲ್ಲ. ಇವರು ತಿಂಗಳುಗಟ್ಟಲೆ ಬರಿಗೈಯಲ್ಲಿ ಹಿಸುಕಿದ್ದಾರೆ. “ಮೈ ಒಂದು ಸಲ ಅದರ ಗುರುತು ಹಿಡಿದ ಮೇಲೆ ಮರೆಯಲ್ಲಮ್ಮ. ಇನ್ನು ಸಾಯೋ ತನಕ ತೊಗಟೆಯ ಧೂಳು ತಾಗಿದರೂ ಹೀಗೇ” ಅಂದರು. ಹಾಗಾದರೆ ಮಿಲ್ಲಿನ ಕೆಲಸ? ಅಂದೆ. ಅವರು ಔಷಧಿಯ ಚೀಟಿ ಬರೆದರು.

ಸೇವಂತಿಗೆಯಲ್ಲೂ ಅದೇ ಜಾತಿಯ ಪದಾರ್ಥ ಇದೆಯಂತೆ. ಆರೂ ಡಬ್ಬ ಕಿತ್ತು ಹಾಕಿದೆ. ಮೊಗ್ಗು ಬಿಟ್ಟಿತ್ತು.

ನಿಮ್ಮ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅಷ್ಟು ಓದಿದವರ ನಡುವೆ ಇದ್ದೀರಿ, ಒಂದು ಮಾತು ತಿಳಿಯಲಿಲ್ಲವೇ? ಅವರನ್ನು ಕೇಳಿದರೆ, “ಅಕ್ಕನಿಗೆ ಗೊತ್ತಿದ್ರೆ ಹೇಳ್ದೆ ಇರ್ತಾಳೇನೇ?” ಅಂತ ನನ್ನ ಮೇಲೇ ರೇಗುತ್ತಾರೆ.


ನವೆಂಬರ್ 26

ಪ್ರೀತಿಯ ತಮ್ಮನಿಗೂ ತಮ್ಮನ ಹೆಂಡತಿಗೂ,

ಕಾಗದ ನೋಡಿದೆ. ಅಯ್ಯೋ, ನನಗೇಕೆ ಮೊದಲೇ ಬರೆಯಲಿಲ್ಲ? ಮೇ ತಿಂಗಳಿಂದ ಮುಚ್ಚಿಟ್ಟೆಯಲ್ಲೋ.

ನಮಗೂ ಈಗಷ್ಟೇ ತಿಳಿಯಿತು. ಇಂಥ ಎಣ್ಣೆಗಳಲ್ಲಿ ಕೆಲವು ಚರ್ಮಕ್ಕೆ ಆಗುವುದಿಲ್ಲವಂತೆ. ಯಾರಿಗೂ ಗೊತ್ತಿರಲಿಲ್ಲ. ಮೇಡಂ ಕೂಡ ತುಂಬ ನೊಂದುಕೊಂಡರು. ಒಳ್ಳೆಯ ಮುಲಾಮು ಒಂದನ್ನು ಕಳಿಸುತ್ತಿದ್ದೇನೆ, ದಿನಕ್ಕೆರಡು ಸಲ ಹಚ್ಚಿಕೋ.

ಕೆಲಸದ ಚಿಂತೆ ಮಾಡಬೇಡ. ದೇವರು ಒಂದು ಬಾಗಿಲು ಮುಚ್ಚಿದರೆ

(ಈ ಸಾಲನ್ನು ಹೊಡೆದುಹಾಕಿದ್ದೇನೆ, ಓದಬೇಡ.)

ಅಕ್ಕ


ಡಿಸೆಂಬರ್ 20

ಅಕ್ಕನಿಗೆ ನಮಸ್ಕಾರ.

ಊತ ಇಳಿದಿದೆ. ಪೆನ್ಸಿಲ್ ಹಿಡಿಯಬಲ್ಲೆ.

ಇವಳು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಕಾಗದ ಓದಿ ತೋರಿಸಿದೆ. ನೋಡು, ಯಾರಿಗೂ ಗೊತ್ತಿರಲಿಲ್ಲ ಅಂತ ಬರೆದಿದ್ದಾಳೆ ಅಂದೆ. ಅವಳು ಅತ್ತು, ತಪ್ಪಾಯಿತು ಅಂದಳು. ಕ್ಷಮೆ ಕೇಳಿ ಬರೆಯಿರಿ ಅಂದಿದ್ದಾಳೆ. ಅವಳ ಪರವಾಗಿ ಕೇಳುತ್ತಿದ್ದೇನೆ.

ಮಿಲ್ಲಿಗೆ ಹೋಗಿದ್ದೆ, ಗೇಟಿನಿಂದ ಒಳಗೆ ಕಾಲಿಡುವಷ್ಟರಲ್ಲಿ ಕುತ್ತಿಗೆ ಉರಿಯಿತು. ಮೇಸ್ತ್ರಿ ನನ್ನ ಉಳಿಗಳನ್ನು ಬಟ್ಟೆಯಲ್ಲಿ ಕಟ್ಟಿ ಗೇಟಿಗೇ ತಂದುಕೊಟ್ಟರು. ಕಟ್ಟಿದ ಗಂಟನ್ನು ಎರಡು ಸಲ ಎಳೆದು ನೋಡಿದರು. ಯಾವಾಗಲೂ ನಗಿಸುವವರು.

ನಿನ್ನ ಕುರ್ಚಿಯ ಮೂರು ಕಾಲು ಮನೆಯಲ್ಲಿವೆ.

ತಮ್ಮ


ಜನವರಿ 8

ತಮ್ಮಾ,

ಅವಳು ನನ್ನ ಕ್ಷಮೆ ಕೇಳಿದಳು ಎಂದು ಓದಿದ ಮೇಲೆ ಈ ಕಾಗದ ಬರೆಯದೆ ಇರಲಾಗಲಿಲ್ಲ. ಅವಳಿಗೂ ಓದಿ ತೋರಿಸು.

ನನಗೆ ಗೊತ್ತಿತ್ತು. ಅಕ್ಟೋಬರ್ 3ನೇ ತಾರೀಕು, ಮಧ್ಯಾಹ್ನ. ಮೇಡಂ ಒಂದು ಹಳೆಯ ವರದಿ ಹಿಡಿದು ತೊಟ್ಟಿಯ ಹತ್ತಿರವೇ ಬಂದರು. ಮರ ಕಡಿಯುವವರ ಕೈಗಳ ಪಟಗಳಿದ್ದವು ಅದರಲ್ಲಿ. “ನಮ್ಮ ಪಾಚಿಯ ಸ್ವಂತ ದೊಡ್ಡ ಗೋಪುರ ಈ ಎಣ್ಣೆಯದೇ ಕಣಮ್ಮ. ಬೂಷ್ಟು ಓಡಿಸೋದೂ ಇದೇ, ಚರ್ಮ ಸುಡೋದೂ ಇದೇ. ನಿಮ್ಮ ತಮ್ಮನಿಗೆ ಇವತ್ತೇ ಹೇಳ್ಬಿಡಿ. ಚಿಮಟದಲ್ಲೇ ಕೀಳ್ತಿದಾರೆ ತಾನೆ?” ಅಂದರು. ಹೂಂ ಮೇಡಂ ಅಂದೆ.

ಚಿಮಟ ಬೇಡ, ಬರಿಗೈಯಲ್ಲಿ ಕೀಳು ಅಂದವಳು ನಾನು ಅಂತ ಅವರಿಗೆ ಹೇಗೆ ಹೇಳಲಿ? ನನ್ನ ಕಾಯಂ ಆದೇಶಕ್ಕೆ ಅದೇ ವಾರ ಸಹಿ ಬೀಳಬೇಕಿತ್ತು. ಒಂದು ಡಬ್ಬಿ ಇನ್ನೂ ಬರುವುದಿತ್ತು. ಮಿಲ್ಲಿನ ಆಫೀಸಿಗೆ ಫೋನ್ ಮಾಡಿದ್ದರೆ ಎರಡು ನಿಮಿಷದ ಮಾತು. ದಿನಾ ಸಂಜೆ ಫೋನಿನ ಅಂಗಡಿಯ ಮುಂದೆಯೇ ಹಾದು ಮನೆಗೆ ಹೋದೆ.

12ಕ್ಕೆ ಆದೇಶ ಬಂತು. 13ಕ್ಕೆ ಡಬ್ಬಿ ಬಂತು. 14ಕ್ಕೆ ನಿನಗೆ ‘ಕಳಿಸಬೇಡ’ ಅಂತ ಬರೆದೆ. ಯಾಕೆ ಅಂತ ಬರೆಯಲಿಲ್ಲ. ಬರೆದಿದ್ದರೆ ಗ್ಲೌಸ್ ಬಿಚ್ಚಿಸಿದವರು ಯಾರು ಅಂತಲೂ ಬರೆಯಬೇಕಾಗುತ್ತಿತ್ತು. ನೀನು ಅದನ್ನು ಬೈಗುಳ ಅಂದುಕೊಳ್ಳುತ್ತೀಯ ಎಂದು ಕನಸಿನಲ್ಲೂ ಎಣಿಸಲಿಲ್ಲ. ಎಣಿಸಬೇಕಿತ್ತು. ಚಿಕ್ಕಂದಿನಿಂದಲೂ ಯಾರು ಮುಖ ಗಂಟಿಕ್ಕಿದರೂ ನಿನ್ನದೇ ತಪ್ಪು ಅಂದುಕೊಳ್ಳುವವನು ನೀನು. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು?

ಆಗಸ್ಟಿನಲ್ಲಿ ನೀನು ಕೈಗೆ ಏನು ಹಚ್ಚುತ್ತೀರಿ ಎಂದು ಕೇಳಿದ್ದ ಕಾಗದ ಮತ್ತೆ ತೆಗೆದು ನೋಡಿದೆ. ಅಕ್ಷರ ಸೊಟ್ಟಗಿದೆ. ಗೆರೆ ಮಾತ್ರ ತೆಳ್ಳಗಿದೆ, ಪೆನ್ಸಿಲ್ ಮೊನೆ ಚೂಪಾಗಿಯೇ ಇತ್ತು. ಆಗಲೂ ಕಂಡಿತ್ತು ನನಗೆ.

ನಿನ್ನ ಕೊನೆಯ ಡಬ್ಬಿ ಬಂದಾಗ ಮೇಡಂ, “ಇಷ್ಟೊಂದು ಯಾಕೆ ಕಳಿಸಿದ್ರು?” ಅಂದರು. ಅದು ತಣ್ಣನೆಯ ಪೆಟ್ಟಿಗೆಯಲ್ಲಿದೆ. ಯಾರೂ ಬಿಚ್ಚಿಲ್ಲ. ಒಂದು ಚೂರು ತೊಗಟೆಯೂ ಇಲ್ಲದಿರಬಹುದು. ನಾನು ನೋಡಿಲ್ಲ.

ಮೇಡಂಗೆ ನಿನ್ನೆ ಎಲ್ಲ ಹೇಳಿದೆ. ಅವರು, “ನನಗೆ ಹೇಳಿದ್ದು ಸರಿ. ಅವರಿಗೆ ಹೇಳಿದ್ರಾ?” ಅಂದರು.

ನೀನು ಉತ್ತರ ಬರೆಯದಿದ್ದರೂ ಸರಿಯೇ.

ಅಕ್ಕ


ಜೂನ್ 3

ಅಕ್ಕನಿಗೆ ನಮಸ್ಕಾರ.

ನಾವು ಕ್ಷೇಮ.

ಜನವರಿಯ ಕಾಗದ ತಲುಪಿತ್ತು. ಐದು ತಿಂಗಳಲ್ಲಿ ನಾಲ್ಕು ಸಲ ಬರೆಯಲು ಕೂತೆ, ‘ನಾವು ಕ್ಷೇಮ’ ಎಂಬ ಸಾಲಿಗೆ ಬಂದು ನಿಂತೆ. ಇವಳಿಗೆ ಓದಿ ತೋರಿಸು ಎಂದು ನೀನು ಬರೆದಿದ್ದೆ. ತೋರಿಸಿಲ್ಲ. ಅವಳು ಈಗಲೂ ನೆರೆಯವರ ಹತ್ತಿರ, “ನಮ್ಮ ಅತ್ತಿಗೆಗೆ ಗೊತ್ತಿದ್ರೆ ಓಡಿ ಬಂದು ಹೇಳ್ತಿದ್ರು” ಅನ್ನುತ್ತಾಳೆ. ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ.

ಕಳಿಸಬೇಡ ಎಂದು ಬರೆಯುವ ಮುಂಚೆ ನೀನು ಹನ್ನೊಂದು ದಿನ ಮುಚ್ಚಿಟ್ಟೆ. ಕೈಯ ತುರಿಕೆಯನ್ನು ನಾನು ಮೇ ತಿಂಗಳಿಂದ ಐದು ತಿಂಗಳು ಮುಚ್ಚಿಟ್ಟೆ. ಲೆಕ್ಕ ನನ್ನದೇ ಜಾಸ್ತಿ ಎಂದು ಎಷ್ಟೋ ಸಲ ಹೇಳಿಕೊಂಡೆ. ಆದರೆ ನಾನು ಮುಚ್ಚಿಟ್ಟದ್ದು ನಿನಗೋಸ್ಕರ ಎಂಬುದು ನೆನಪಾಗುತ್ತದೆ. ಆಮೇಲೆ ಬರೆಯಲಾಗುವುದಿಲ್ಲ. ಇದು ಸಿಟ್ಟು ಅಲ್ಲ ಅಕ್ಕ. ಸಿಟ್ಟಾಗಿದ್ದರೆ ಇಳಿಯುತ್ತಿತ್ತು.

ಈಗ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ ಎಲ್ಲಿ ನಿಲ್ಲುತ್ತದೆ ಎಂದು ಮೈಕಿನಲ್ಲಿ ಕೂಗಬೇಕು. ನಗಬೇಡ. ಗಾಜಿನ ಕೋಣೆ, ನನ್ನನ್ನು ಯಾರೂ ನೋಡುವುದಿಲ್ಲ, ಅದಕ್ಕೆ ಹೇಗೋ ಆಗುತ್ತದೆ. ಅಲ್ಲಿರುವ ಕುರ್ಚಿ ಕಬ್ಬಿಣದ್ದು.

ನಿನ್ನ ಕುರ್ಚಿಯನ್ನು ಲಾರಿಗೆ ಹಾಕಿಸಿದ್ದೇನೆ. ಮೂರು ಕಾಲು ನನ್ನವು. ನಾಲ್ಕನೆಯದನ್ನೂ ಹಲಗೆಯನ್ನೂ ಮೇಸ್ತ್ರಿ ಮಾಡಿ ಜೋಡಿಸಿದರು. ದಾರ ಕೊಟ್ಟಿದ್ದೆ, ಆದರೂ ಅವರ ಕೈ ಬೇರೆ, ಆ ಕಾಲು ಕೂದಲೆಳೆಯಷ್ಟು ಗಿಡ್ಡವಾಗಿದೆ. ನಾನಾಗಿದ್ದರೆ ಉಳಿದ ಮೂರನ್ನು ಉಪ್ಪುಕಾಗದದಲ್ಲಿ ಉಜ್ಜಿ ಸರಿಮಾಡುತ್ತಿದ್ದೆ. ನಿಂತು ನೋಡಿದೆ, ಮುಟ್ಟಲಿಲ್ಲ.

ಕೂತಾಗ ಅಲುಗಾಡುತ್ತದೆ. ನನ್ನ ಯಾವುದಾದರೂ ಒಂದು ಹಳೆಯ ಕಾಗದವನ್ನು ಮಡಿಸಿ ಆ ಕಾಲಿನ ಕೆಳಗಿಡು.

ತಮ್ಮ